ತುಟಿಯ ಗುಳ್ಳೆ, ಬಾಯಿ ಕ್ಯಾನ್ಸರ್: ಒಂದು ಅನುಮಾನದ ಕಥೆ

ಜ್ವರ ಬಿಟ್ಟ ಮೇಲೆ ತುಟಿ ಅಂಚಲ್ಲಿ ನೀರುಗುಳ್ಳೆ ಎದ್ದಿದ್ದು ನೆನಪಿದ್ಯಾ? ಅದು ಸಾಮಾನ್ಯವಾಗಿ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಕೆಲಸ. ಗುಳ್ಳೆ ಒಣಗುತ್ತೆ, ವೈರಸ್ ಮಾತ್ರ ಹೋಗಲ್ಲ. ಮುಖದ ನರದ ಬುಡದಲ್ಲಿ ಜೀವನಪೂರ್ತಿ ಅಡಗಿ ಕೂತಿರುತ್ತೆ. ಹಾಗಾದ್ರೆ ಬಾಯಿ ಕ್ಯಾನ್ಸರ್ ತರೋದೂ ಇದೇನಾ?

1️⃣ ಅನುಮಾನದ ಬೀಜ ಬಿದ್ದಿದ್ದು ಆಫ್ರಿಕಾದಲ್ಲಿ. ಉಗಾಂಡಾದ ಮಕ್ಕಳ ದವಡೆಯಲ್ಲಿ ಬೆಳೆಯುತ್ತಿದ್ದ ಗಡ್ಡೆಯ ಬಗ್ಗೆ ಸರ್ಜನ್ ಡೆನಿಸ್ ಬರ್ಕಿಟ್ 1958ರಲ್ಲಿ ಬರೆದರು. 1964ರಲ್ಲಿ ಲಂಡನ್ನಿನಲ್ಲಿ ಎಪ್‌ಸ್ಟೈನ್, ಅಚಾಂಗ್, ಬಾರ್ ಆ ಗಡ್ಡೆಯ ಜೀವಕೋಶಗಳಲ್ಲಿ ಒಂದು ಹೊಸ ವೈರಸ್ ಕಂಡರು. ಅದು ಹರ್ಪಿಸ್ ಕುಟುಂಬದ್ದೇ! ಒಬ್ಬ ಸಿಕ್ಕಿಬಿದ್ದ ಮೇಲೆ ಅವನ ನೆಂಟರ ಮೇಲೂ ಕಣ್ಣು ಬೀಳುತ್ತೆ ಅಲ್ವಾ?

2️⃣ ಗರ್ಭಕಂಠದ ಕ್ಯಾನ್ಸರಿಗೆ ಹರ್ಪಿಸ್ ಸಿಂಪ್ಲೆಕ್ಸ್-2 ಕಾರಣ ಅಂತ ಆಗ ಬಹಳ ಜನ ನಂಬಿದ್ದರು. ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಗಡ್ಡೆಗಳಲ್ಲಿ ಅದರ ಡಿಎನ್‌ಎ ಹುಡುಕಿದರು, ಸಿಗಲಿಲ್ಲ. ಅವರು ದಾರಿ ಬದಲಿಸಿದರು. 1983ರಲ್ಲಿ ಅವರ ತಂಡಕ್ಕೆ ಸಿಕ್ಕಿದ್ದು ಬೇರೆಯೇ ಕುಟುಂಬದ ಎಚ್‌ಪಿವಿ-16. 2008ರಲ್ಲಿ ನೊಬೆಲ್ ಬಂತು.

3️⃣ ಬಾಯಿಯ ಕಥೆ ಇಷ್ಟು ಸಲೀಸಾಗಿ ಮುಗಿಯಲಿಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಹ್ಯಾಮ್‌ಸ್ಟರ್‌ಗಳ ಮೇಲೆ ಪ್ರಯೋಗ ನಡೆಯಿತು. ಬರೀ ವೈರಸ್ ಕೊಟ್ಟರು: ಕ್ಯಾನ್ಸರ್ ಇಲ್ಲ. ಬರೀ ತಂಬಾಕಿನ ಪುಡಿ ಇಟ್ಟರು: ಆಗಲೂ ಇಲ್ಲ. ಎರಡನ್ನೂ ಒಟ್ಟಿಗೆ ಕೊಟ್ಟಾಗ ಅರ್ಧಕ್ಕಿಂತ ಹೆಚ್ಚು ಪ್ರಾಣಿಗಳಲ್ಲಿ ಕ್ಯಾನ್ಸರ್ ಕಾಣಿಸಿತು.

4️⃣ ಹಾಗಾದ್ರೆ ಮನುಷ್ಯರಲ್ಲೂ ಹಾಗೇನಾ? ಇಲ್ಲೇ ಇರೋದು ತೊಡಕು. 50 ವರ್ಷದೊಳಗಿನ ಮೂವರಲ್ಲಿ ಸುಮಾರು ಇಬ್ಬರಿಗೆ ಈ ವೈರಸ್ ಇದೆ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ರೋಗಿಯಲ್ಲೂ ಇದೆ, ಆರೋಗ್ಯವಂತರಲ್ಲೂ ಇದೆ. ಊರಿಗೆಲ್ಲ ಇರೋ ನೆಂಟನನ್ನು ಕಳ್ಳ ಅಂತ ಹಿಡಿಯೋದು ಹೇಗೆ? ವೈರಸ್ ಹೊಡೆದು ಓಡಿಹೋಗುತ್ತೆ, ಗುರುತು ಉಳಿಸಲ್ಲ ಅಂತಲೂ ಕೆಲವರು ವಾದಿಸಿದರು. ಆದ್ರೆ ಗುರುತೇ ಬಿಡದವನ ವಿರುದ್ಧ ಸಾಕ್ಷಿ ಎಲ್ಲಿಂದ ತರೋದು?

5️⃣ ಇನ್ನೊಂದು ಕಡೆ ಸಾಕ್ಷಿ ರಾಶಿ ಬಿದ್ದಿತ್ತು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ತಂಬಾಕು ಸೇರಿಸಿದ ಎಲೆಅಡಿಕೆಯನ್ನು, 2004ರ ಸಂಪುಟದಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದಿತು. ಹೌದು, ನಮ್ಮ ಮಲೆನಾಡಿನ ತೋಟದ ಅದೇ ಅಡಿಕೆ. ಹರ್ಪಿಸ್ ಸಿಂಪ್ಲೆಕ್ಸ್ ಹೆಸರು ಆ ಖಚಿತ ಕಾರಣಗಳ ಪಟ್ಟಿಯಲ್ಲಿಲ್ಲ.

ಅದಕ್ಕೇ ಹೇಳ್ತಿರೋದು: ತುಟಿ ಗುಳ್ಳೆ ನೋಡಿ ರಾತ್ರಿಯೆಲ್ಲ ಗೂಗಲ್ ಮಾಡ್ಬೇಡಿ. ಜೇಬಲ್ಲಿರೋ ಗುಟ್ಕಾ ಪ್ಯಾಕೆಟ್ ನೋಡಿ ಹೆದರಿ. ಬಾಯಲ್ಲಿ ಹುಣ್ಣಾಗಿ ಮೂರು ವಾರ ಕಳೆದ್ರೂ ಮಾಯದಿದ್ರೆ ನಾಚಿಕೆ ಬಿಟ್ಟು ಡಾಕ್ಟರಿಗೆ ತೋರಿಸಿ.

ಜಗಿಯೋ ಗೆಳೆಯ ಯಾರಾದ್ರೂ ಇದ್ರೆ ಟ್ಯಾಗ್ ಮಾಡ್ಬೇಡಿ, ಬೇಜಾರಾಗ್ತಾನೆ. ಸುಮ್ನೆ ಮೆಸೇಜಲ್ಲಿ ಕಳಿಸಿ.

#ರೋಗಗಳಇತಿಹಾಸ #ಕನ್ನಡದಲ್ಲಿವಿಜ್ಞಾನ