ಸ್ಪೀಡೋಮೀಟರ್ ಕೈಕೊಟ್ಟಿದೆಯೇ? ಕಾರಿನ ಟ್ರಾನ್ಸ್‌ಮಿಷನ್ ಸ್ಪೀಡ್ ಸೆನ್ಸರ್ ಎಲ್ಲಿರುತ್ತೆ, ಪತ್ತೆ ಹಚ್ಚುವುದು ಹೇಗೆ?

ಹೈದರಾಬಾದ್: ನಗರವನ್ನು ಸುತ್ತುವರಿದ 158 ಕಿ.ಮೀ ಉದ್ದದ ನೆಹರೂ ಹೊರ ವರ್ತುಲ ರಸ್ತೆಯಲ್ಲಿ ಕಾರುಗಳ ಗರಿಷ್ಠ ವೇಗಮಿತಿ ಗಂಟೆಗೆ 120 ಕಿ.ಮೀ. ಇಂತಹ ರಸ್ತೆಯಲ್ಲಿ ಸ್ಪೀಡೋಮೀಟರ್ ಮುಳ್ಳು ಏಕಾಏಕಿ ಸೊನ್ನೆಗೆ ಇಳಿದರೆ ಅಥವಾ ಆಟೊಮ್ಯಾಟಿಕ್ ಕಾರು ಒಂದೇ ಗೇರ್‌ನಲ್ಲಿ ಸಿಲುಕಿ ವೇಗ ಕಳೆದುಕೊಂಡರೆ ಅಪಾಯ ತಪ್ಪಿದ್ದಲ್ಲ. ಗೇರ್‌ಬಾಕ್ಸ್ ಕೆಟ್ಟಿತು ಎಂದು ಮಾಲೀಕರು ಗಾಬರಿಯಾಗುವುದು ಸಹಜ. ಆದರೆ ದೋಷ ಇರುವುದು ಬೆರಳುದ್ದದ ಒಂದು ಸೆನ್ಸರ್‌ನಲ್ಲಿ ಅಥವಾ ಅದರ ವೈರಿನಲ್ಲೂ ಆಗಿರಬಹುದು. ಅದನ್ನು ಹುಡುಕುವುದು ಹೇಗೆ? ಇಲ್ಲಿದೆ ಮಾಹಿತಿ.

ಈ ಸೆನ್ಸರ್ ಕೆಲಸವೇನು?

ಮಾರುತಿ 800 ಕಾಲದ ಹಳೆಯ ಕಾರುಗಳಲ್ಲಿ ಗೇರ್‌ಬಾಕ್ಸ್‌ನಿಂದ ಹೊರಟ ಕೇಬಲ್ ತಿರುಗಿ ಸ್ಪೀಡೋಮೀಟರ್ ಮುಳ್ಳನ್ನು ಓಡಿಸುತ್ತಿತ್ತು. ನಂತರ ಆ ಜಾಗಕ್ಕೆ ಸೆನ್ಸರ್ ಬಂತು. ಗೇರ್‌ಬಾಕ್ಸ್‌ ಒಳಗಿನ ಹಲ್ಲಿನ ಚಕ್ರ ತಿರುಗಿದಂತೆ ಇದು ವಿದ್ಯುತ್ ಸಂಕೇತ ಕಳುಹಿಸುತ್ತದೆ. ಆಟೊಮ್ಯಾಟಿಕ್ ಕಾರುಗಳಲ್ಲಿ ಸಾಮಾನ್ಯವಾಗಿ ಎರಡು ಸೆನ್ಸರ್‌ಗಳಿರುತ್ತವೆ. ಎಂಜಿನ್ ಕಡೆಯಿಂದ ಒಳಬರುವ ವೇಗವನ್ನು ಅಳೆಯುವುದು ಇನ್‌ಪುಟ್ ಸೆನ್ಸರ್. ಚಕ್ರಗಳತ್ತ ಹೋಗುವ ವೇಗವನ್ನು ಅಳೆಯುವುದು ಔಟ್‌ಪುಟ್ ಸೆನ್ಸರ್. ಎರಡನ್ನೂ ಹೋಲಿಸಿ ಯಾವಾಗ ಗೇರ್ ಬದಲಿಸಬೇಕೆಂದು ಕಂಪ್ಯೂಟರ್ ನಿರ್ಧರಿಸುತ್ತದೆ. ಸಂಕೇತ ತಪ್ಪಿದರೆ ಗೇರ್ ಬದಲಾಗುವಾಗ ಜರ್ಕ್ ಹೊಡೆಯುತ್ತದೆ, ಚೆಕ್ ಎಂಜಿನ್ ದೀಪ ಉರಿಯುತ್ತದೆ, ಕ್ರೂಸ್ ಕಂಟ್ರೋಲ್ ನಿಲ್ಲುತ್ತದೆ.

ಮೊದಲು ಕೋಡ್ ಓದಿಸಿ

ಇತ್ತೀಚಿನ ಕಾರುಗಳಲ್ಲಿ ಸ್ಟೀರಿಂಗ್ ಕೆಳಭಾಗದಲ್ಲಿ ಒಬಿಡಿ ಪೋರ್ಟ್ ಇರುತ್ತದೆ. ಅದಕ್ಕೆ ಸ್ಕ್ಯಾನರ್ ಜೋಡಿಸಿದರೆ ದೋಷದ ಕೋಡ್ ಸಿಗುತ್ತದೆ. ಪಿ0715 ಬಂದರೆ ಇನ್‌ಪುಟ್ ಸೆನ್ಸರ್, ಪಿ0720 ಬಂದರೆ ಔಟ್‌ಪುಟ್ ಸೆನ್ಸರ್, ಪಿ0500 ಬಂದರೆ ವಾಹನದ ವೇಗ ಸೆನ್ಸರ್ ಸರ್ಕ್ಯೂಟ್ ಎಂದರ್ಥ. ಕೋಡ್ ಸೆನ್ಸರ್ ಮಾತ್ರವಲ್ಲ, ಅದರ ವೈರಿಂಗ್‌ ಅನ್ನೂ ಒಳಗೊಂಡಿರುತ್ತದೆ ಎಂಬುದನ್ನು ಮರೆಯಬೇಡಿ.

ಎಲ್ಲಿ ಹುಡುಕಬೇಕು?

* ಮುಂದಿನ ಚಕ್ರ ಎಳೆಯುವ ಕಾರುಗಳು: ಸ್ವಿಫ್ಟ್, ಐ20 ಮಾದರಿಯ ಕಾರುಗಳಲ್ಲಿ ಗೇರ್‌ಬಾಕ್ಸ್ ಎಂಜಿನ್ ಪಕ್ಕದಲ್ಲೇ ಇರುತ್ತದೆ. ಬ್ಯಾಟರಿ ಮತ್ತು ಏರ್ ಫಿಲ್ಟರ್ ಡಬ್ಬಿಯ ಕೆಳಗೆ ನೋಡಿ. ಔಟ್‌ಪುಟ್ ಸೆನ್ಸರ್ ಸಾಮಾನ್ಯವಾಗಿ ಚಕ್ರದ ಆಕ್ಸಲ್ ಹೊರಬರುವ ಡಿಫರೆನ್ಷಿಯಲ್ ಬಳಿ ಇರುತ್ತದೆ.
* ಹಿಂದಿನ ಚಕ್ರ ತಳ್ಳುವ ವಾಹನಗಳು: ಬೊಲೆರೊ, ಇನ್ನೋವಾ ಕ್ರಿಸ್ಟಾದಂತಹ ವಾಹನಗಳಲ್ಲಿ ಗೇರ್‌ಬಾಕ್ಸ್ ಉದ್ದಕ್ಕೆ ಚಾಚಿರುತ್ತದೆ. ವಾಹನದ ಅಡಿಯಿಂದ, ಪ್ರೊಪೆಲ್ಲರ್ ಶಾಫ್ಟ್ ಸೇರುವ ಹಿಂತುದಿಯಲ್ಲಿ ಹುಡುಕಬೇಕು.
* ಕೆಲವು ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳು: ಸೆನ್ಸರ್ ಒಳಗೇ ಇರುತ್ತದೆ. ಇದು ವರ್ಕ್‌ಶಾಪ್ ಕೆಲಸ.

ನೋಡಲು ಇದು ಎರಡು ಅಥವಾ ಮೂರು ವೈರುಗಳ ಪ್ಲಗ್ ಇರುವ ಪ್ಲಾಸ್ಟಿಕ್ ತುಂಡು. ಸಾಮಾನ್ಯವಾಗಿ ಒಂದೇ ಬೋಲ್ಟ್ ಅದನ್ನು ಹಿಡಿದಿರುತ್ತದೆ. ಪಕ್ಕದಲ್ಲೇ ಇರುವ ರಿವರ್ಸ್ ಲೈಟ್ ಸ್ವಿಚ್ ಕಂಡು ಮೋಸ ಹೋಗಬೇಡಿ. ಆ ಸ್ವಿಚ್‌ನ್ನು ನಟ್‌ನಂತೆ ಸ್ಪ್ಯಾನರ್‌ನಿಂದ ತಿರುಗಿಸಿ ಕೂರಿಸಿರುತ್ತಾರೆ.

ಮಳೆಗಾಲದ ನಂತರ ಎಚ್ಚರ

2020ರ ಅಕ್ಟೋಬರ್ ಮಳೆಗೆ ಹೈದರಾಬಾದ್‌ನ ಹಲವು ಬಡಾವಣೆಗಳಲ್ಲಿ ಕಾರುಗಳು ನೀರಿನಲ್ಲಿ ಮುಳುಗಿದ್ದವು. ಗೇರ್‌ಬಾಕ್ಸ್ ಮಟ್ಟದವರೆಗೆ ನೀರು ಬಂದರೆ ಪ್ಲಗ್ ಒಳಗೆ ತೇವ ಸೇರಿ, ದಿನಗಳು ಕಳೆದ ಮೇಲೆ ಪಿನ್‌ಗಳಿಗೆ ಹಸಿರು ತುಕ್ಕು ಹಿಡಿಯಬಹುದು. ಹಾಗಾಗಿ ಹೊಸ ಸೆನ್ಸರ್ ಕೊಳ್ಳುವ ಮುನ್ನ ಪ್ಲಗ್ ಬಿಚ್ಚಿ ನೋಡಿ, ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಶುಚಿಗೊಳಿಸಿ. ಇಲಿ ಕಡಿದ ವೈರ್ ಇದೆಯೇ ಪರೀಕ್ಷಿಸಿ. ಅಯಸ್ಕಾಂತವಿರುವ ಸೆನ್ಸರ್ ತುದಿಗೆ ಲೋಹದ ಪುಡಿ ಅಂಟಿಕೊಂಡರೂ ಸಂಕೇತ ತಪ್ಪಬಹುದು. ಪುಡಿ ವಿಪರೀತವಾಗಿದ್ದರೆ ಮಾತ್ರ ಗೇರ್‌ಬಾಕ್ಸ್ ಸವೆತದ ಅನುಮಾನ ಪಡಬೇಕು.

ಎಬಿಎಸ್ ಇರುವ ಹಲವು ಹೊಸ ಕಾರುಗಳಲ್ಲಿ ಸ್ಪೀಡೋಮೀಟರ್‌ಗೆ ಮಾಹಿತಿ ಬರುವುದು ಚಕ್ರಗಳ ಬಳಿಯ ಸೆನ್ಸರ್‌ಗಳಿಂದ. ಅಲ್ಲಿ ಗೇರ್‌ಬಾಕ್ಸ್ ತಡಕಾಡಿ ಪ್ರಯೋಜನವಿಲ್ಲ.

ಇವುಗಳನ್ನು ಪಾಲಿಸಿ

* ಎಂಜಿನ್ ತಣ್ಣಗಾದ ಮೇಲೆ, ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು ಕೆಲಸ ಆರಂಭಿಸಿ.
* ಜ್ಯಾಕ್ ಒಂದನ್ನೇ ನಂಬಿ ಕಾರಿನ ಅಡಿಗೆ ಹೋಗಬೇಡಿ. ಸ್ಟ್ಯಾಂಡ್ ಕಡ್ಡಾಯ.
* ಸೆನ್ಸರ್ ತೆಗೆದಾಗ ಗೇರ್ ಆಯಿಲ್ ಸೋರಬಹುದು. ಮತ್ತೆ ಕೂರಿಸುವಾಗ ಓ-ರಿಂಗ್ ಹೊಸದಿರಲಿ.
* ರಾಣಿಗಂಜ್‌ನಂತಹ ಬಿಡಿಭಾಗ ಮಾರುಕಟ್ಟೆಗೆ ಹೋಗುವಾಗ ಹಳೆಯ ಸೆನ್ಸರ್ ಜತೆಗಿರಲಿ. ಪಾರ್ಟ್ ನಂಬರ್ ಹೊಂದಬೇಕು.

ಬೀದರ್, ಕಲಬುರಗಿ ಅಥವಾ ರಾಯಚೂರಿನತ್ತ ಹೊರಡುವಾಗ ಸ್ಪೀಡೋಮೀಟರ್ ಆಗಾಗ ಸತ್ತು ಬದುಕುತ್ತಿದ್ದರೆ ಪ್ರಯಾಣ ಮುಂದೂಡುವುದು ಲೇಸು. ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಬೇಕು ಎಂದರೆ, ಕೋಡ್ ಏನು ಬಂತು, ಪ್ಲಗ್ ಮತ್ತು ವೈರ್ ಪರೀಕ್ಷಿಸಿದ್ದೀರಾ ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳಿ. ದೊಡ್ಡ ಖರ್ಚು ಅಲ್ಲೇ ಉಳಿಯಬಹುದು.