ಫ್ಲಶ್ ಟ್ಯಾಂಕ್ ತುಂಬಲು ತಡವಾಗುತ್ತಿದೆಯೇ? ಪ್ಲಂಬರ್‌ಗೆ ಫೋನ್ ಮಾಡುವ ಮುನ್ನ ಇದನ್ನು ನೋಡಿ

ಹೈದರಾಬಾದ್: ಬೆಳಗ್ಗೆ ಆಫೀಸು, ಶಾಲೆಗೆ ಹೊರಡುವ ಗಡಿಬಿಡಿ. ಮನೆಯಲ್ಲಿ ಐದಾರು ಮಂದಿಗೆ ಒಂದೇ ಟಾಯ್ಲೆಟ್. ಒಬ್ಬರು ಫ್ಲಶ್ ಮಾಡಿ ಬಂದ ಮೇಲೆ ಟ್ಯಾಂಕ್ ತುಂಬಲು ಹತ್ತು ನಿಮಿಷ ಹಿಡಿದರೆ ಹೇಗಿರುತ್ತದೆ? ಗಚ್ಚಿಬೌಲಿ, ಕೂಕಟ್‌ಪಲ್ಲಿ ಕಡೆಯ ಬಾಡಿಗೆ ಫ್ಲ್ಯಾಟ್‌ಗಳಲ್ಲಿರುವ ಕನ್ನಡಿಗರಿಗೂ ಈ ಪಾಡು ಹೊಸದಲ್ಲ. ಸಾಮಾನ್ಯವಾಗಿ 6ರಿಂದ 10 ಲೀಟರ್ ಹಿಡಿಯುವ ಟ್ಯಾಂಕ್ ಎರಡು-ಮೂರು ನಿಮಿಷದಲ್ಲಿ ತುಂಬಬೇಕು. ಐದು ನಿಮಿಷ ದಾಟಿದರೆ ಎಲ್ಲೋ ತೊಡಕಿದೆ ಎಂದೇ ಅರ್ಥ.

ಹೈದರಾಬಾದ್‌ನಲ್ಲಿ ಮೊದಲು ಅನುಮಾನಿಸಬೇಕಾದದ್ದು ನೀರನ್ನೇ. ನಗರದ ಜಲಮಂಡಳಿ ಕೃಷ್ಣಾ, ಗೋದಾವರಿ ಮತ್ತು ನಮ್ಮ ಬೀದರ್ ಜಿಲ್ಲೆಯನ್ನು ಹಾದು ಬರುವ ಮಂಜೀರಾ ನೀರನ್ನು ಪೂರೈಸುತ್ತದೆ. ಆದರೆ ಬಹುತೇಕ ಅಪಾರ್ಟ್‌ಮೆಂಟ್‌ಗಳಲ್ಲಿ ಟಾಯ್ಲೆಟ್‌ಗೆ ಬರುವುದು ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು. ಗ್ರಾನೈಟ್ ಬಂಡೆಗಳ ನಡುವಿನ ಈ ನೀರು ಗಡಸು. ಬಕೆಟ್ ಅಂಚಿನಲ್ಲಿ ಕಾಣುವ ಬಿಳಿ ಪದರವೇ ಟ್ಯಾಂಕ್‌ನ ವಾಲ್ವ್ ಒಳಗೂ ಕಟ್ಟಿಕೊಳ್ಳುತ್ತದೆ.

ಎಲ್ಲಕ್ಕಿಂತ ಮುಂಚೆ ಗೋಡೆಯಲ್ಲಿರುವ ಆ್ಯಂಗಲ್ ಕಾಕ್ ನೋಡಿ. ಬಾತ್‌ರೂಮ್ ತೊಳೆಯುವಾಗ ಯಾರೋ ಅರ್ಧ ತಿರುಗಿಸಿ ಬಿಟ್ಟಿರುತ್ತಾರೆ. ಎಷ್ಟೋ ಮನೆಗಳಲ್ಲಿ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಪೂರ್ತಿ ತೆರೆದರೂ ನೀರು ನಿಧಾನವೇ? ಕಾಕ್ ಮುಚ್ಚಿ, ಕನೆಕ್ಷನ್ ಪೈಪನ್ನು ಟ್ಯಾಂಕ್ ಕಡೆಯಿಂದ ಬಿಚ್ಚಿ, ತುದಿಯನ್ನು ಬಕೆಟ್‌ಗೆ ಹಿಡಿದು ನಿಧಾನವಾಗಿ ತೆರೆಯಿರಿ. ಬಕೆಟ್‌ಗೆ ನೀರು ರಭಸವಾಗಿ ಬಿದ್ದರೆ ದೋಷ ಟ್ಯಾಂಕ್ ಒಳಗಿನ ಫಿಲ್ ವಾಲ್ವ್‌ನದು. ಅಲ್ಲೂ ಸಣ್ಣಗೆ ಬಂದರೆ ಪೈಪ್, ಕಾಕ್ ಅಥವಾ ಮೇಲಿನ ಲೈನ್‌ನದು.

ದೋಷ ವಾಲ್ವ್‌ನದಾದರೆ, ಪೈಪ್ ಸೇರುವ ಜಾಗದಲ್ಲಿ ಬೆರಳಿನ ತುದಿಯಷ್ಟು ದೊಡ್ಡ ಪ್ಲಾಸ್ಟಿಕ್ ಜಾಲರಿ ಇರುತ್ತದೆ. ಇಕ್ಕಳದಿಂದ ಮೆಲ್ಲಗೆ ಎಳೆದು ತೆಗೆಯಿರಿ. ಮರಳು, ತುಕ್ಕು ಇದ್ದರೆ ಹಳೆಯ ಟೂತ್‌ಬ್ರಷ್ ಸಾಕು. ಬಿಳಿ ಪದರವಿದ್ದರೆ ವಿನೆಗರ್ ಅಥವಾ ನಿಂಬೆರಸದಲ್ಲಿ ಅರ್ಧ ಗಂಟೆ ನೆನೆಸಿಡಿ. ಆ್ಯಸಿಡ್ ಮಾತ್ರ ಬೇಡವೇ ಬೇಡ. ಅದು ರಬ್ಬರ್ ಭಾಗಗಳನ್ನು ಹಾಳುಮಾಡುತ್ತದೆ, ಬ್ಲೀಚಿಂಗ್ ಜೊತೆ ಬೆರೆತರೆ ವಿಷಾನಿಲ ಏಳುತ್ತದೆ.

ಜಾಲರಿ ಸ್ವಚ್ಛವಾಗಿಯೇ ಇದ್ದರೆ ವಾಲ್ವ್‌ನ ಮೇಲಿನ ಮುಚ್ಚಳ ತೆಗೆದು ಒಳಗಿನ ರಬ್ಬರ್ ವಾಷರ್ ತೊಳೆಯಿರಿ. ಹರಿದಿದ್ದರೆ ಬದಲಿಸಿ. ಫ್ಲೋಟ್ ಟ್ಯಾಂಕ್ ಗೋಡೆಗೆ ತಾಗಿ ಸಿಕ್ಕಿಕೊಂಡಿದ್ದರೂ ವಾಲ್ವ್ ಪೂರ್ತಿ ತೆರೆಯುವುದಿಲ್ಲ. ಯಾವುದಕ್ಕೂ ಬಗ್ಗದಿದ್ದರೆ ಹೊಸ ವಾಲ್ವ್ ಹಾಕಿಸುವುದೇ ಲೇಸು, ಕೆಲವು ನೂರು ರೂಪಾಯಿಯ ಮಾತು. ಪ್ಲಾಸ್ಟಿಕ್ ನಟ್‌ಗಳನ್ನು ಕೈಯಲ್ಲೇ ಬಿಗಿ ಮಾಡಿ. ಸ್ಪ್ಯಾನರ್ ಹಾಕಿದರೆ ಬಿರುಕು ಬಿಡುತ್ತವೆ.

ಕೊನೆಯ ಮಹಡಿಯವರ ಕಥೆ ಬೇರೆ. 10 ಮೀಟರ್ ಎತ್ತರದಲ್ಲಿ ನಿಂತ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಟೆರೇಸ್ ಟ್ಯಾಂಕ್‌ಗೆ ಮೂರೇ ಮೀಟರ್ ಕೆಳಗಿರುವ ಮನೆಗೆ ಸಿಗುವುದು 0.3 ಬಾರ್ ಅಷ್ಟೇ. ಹೊಸ ಮಾದರಿಯ ಕೆಲವು ವಾಲ್ವ್‌ಗಳಿಗೆ ಇದು ಸಾಲದು, ಅಂಗಡಿಯಲ್ಲಿ ಕಡಿಮೆ ಒತ್ತಡದ ವಾಲ್ವ್ ಎಂದೇ ಕೇಳಿ. ಟೆರೇಸ್ ಟ್ಯಾಂಕ್ ತೊಳೆದ ಮರುದಿನದಿಂದ ತೊಂದರೆ ಶುರುವಾಗಿದ್ದರೆ ಅಲ್ಲಿನ ಗೇಟ್ ವಾಲ್ವ್ ಅರ್ಧ ಮುಚ್ಚಿರಬಹುದು ಅಥವಾ ಪೈಪ್‌ನಲ್ಲಿ ಗಾಳಿ ತುಂಬಿರಬಹುದು.

ಇನ್ನೊಂದು ಮೋಸವಿದೆ. ಟ್ಯಾಂಕ್ ನಿಧಾನವಾಗಿ ತುಂಬುತ್ತಿದೆ ಎನ್ನಿಸುತ್ತದೆ, ಆದರೆ ಬಂದ ನೀರು ಕೆಳಗಿನ ರಬ್ಬರ್ ಸೀಲ್‌ನಿಂದ ಸೋರಿ ಕಮೋಡ್‌ಗೆ ಹೋಗುತ್ತಿರುತ್ತದೆ. ಟ್ಯಾಂಕ್‌ಗೆ ನಾಲ್ಕು ಹನಿ ಬಟ್ಟೆಯ ನೀಲಿ ಹಾಕಿ, 20 ನಿಮಿಷ ಫ್ಲಶ್ ಮಾಡದೆ ಬಿಡಿ. ಕಮೋಡ್‌ನಲ್ಲಿ ನೀಲಿ ಕಂಡರೆ ಬದಲಿಸಬೇಕಾದದ್ದು ಆ ಸೀಲ್. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಹಣ ಸುರಿಯುವವರು ಇದನ್ನು ಇಂದೇ ಮಾಡಿ ನೋಡುವುದು ಒಳ್ಳೆಯದು.

ಗೋಡೆಯೊಳಗೆ ಅಡಗಿಸಿದ ಟ್ಯಾಂಕ್ ಇದ್ದವರು ಟೈಲ್ಸ್ ಒಡೆಸಬೇಕಿಲ್ಲ. ಸಾಮಾನ್ಯವಾಗಿ ಫ್ಲಶ್ ಬಟನ್‌ನ ಪ್ಲೇಟ್ ಕಳಚಿದರೆ ವಾಲ್ವ್, ಸ್ಟಾಪ್ ಕಾಕ್ ಎರಡೂ ಕೈಗೆಟುಕುತ್ತವೆ.