ಮರಳುನೊಣದ ಬೆನ್ನು ಹತ್ತಿದವರು



ಫಾಲೋಫೀಲ್ಡಿನ ನಮ್ಮ ಮನೆಗಳಿಂದ ಲಿವರ್‌ಪೂಲ್ ಬಹಳ ದೂರವಿಲ್ಲ. ಅಲ್ಲಿನ ಉಷ್ಣವಲಯ ವೈದ್ಯಶಾಲೆಯಲ್ಲಿ 1899ರಿಂದ ಬೋಧಿಸಿದ ರೊನಾಲ್ಡ್ ರಾಸ್, ಅದಕ್ಕೆ ನಾಲ್ಕು ವರ್ಷ ಮೊದಲು ಕಾಲರಾ ತಡೆಯುವ ಕಾರ್ಯಕ್ಕಾಗಿ ಬೆಂಗಳೂರಿಗೆ ಬಂದಿದ್ದರು. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ತೋರಿಸಿದ ಇವರೇ 1903ರಲ್ಲಿ ಮತ್ತೊಂದು ರೋಗಾಣುವಿಗೆ 'ಲೀಶ್ಮೇನಿಯಾ ಡೊನೊವಾನಿ' ಎಂದು ಹೆಸರಿಟ್ಟರು. ಡಂಡಂನಿಂದ ಮರಳಿ ಮಡಿದ ಸೈನಿಕನ ಗುಲ್ಮದಲ್ಲಿ ಅದನ್ನು ಕಂಡವರು ಲೀಶ್ಮನ್. ಮದರಾಸಿನಲ್ಲಿ ಕಂಡವರು ಡೊನೊವಾನ್. ರೋಗದ ಹೆಸರು ಕಾಲಾ ಅಜಾರ್. ದೀರ್ಘಜ್ವರ, ಊದಿದ ಗುಲ್ಮ, ಚಿಕಿತ್ಸೆಯಿಲ್ಲದಿದ್ದರೆ ಬಹುಮಟ್ಟಿಗೆ ಮರಣ.

ರೋಗಾಣುವೇನೋ ಸಿಕ್ಕಿತು, ಅದನ್ನು ಹರಡುವವರು ಯಾರು? ಮೊದಲು ತಿಗಣೆಯ ಮೇಲೆ ಸಂಶಯ ಬಂದಿತು. 1920ರ ದಶಕದಲ್ಲಿ ಜಾನ್ ಸಿಂಟನ್ ಭಾರತದ ಮರಳುನೊಣಗಳನ್ನು ಜಾತಿವಾರು ವಿಂಗಡಿಸಿ, 'ಫ್ಲೆಬೊಟೊಮಸ್ ಅರ್ಜೆಂಟಿಪಿಸ್' ಎಂಬ ಜಾತಿಯ ನೆಲೆಗಳು ರೋಗದ ನೆಲೆಗಳಿಗೆ ಹೊಂದುವುದನ್ನು ಗುರುತಿಸಿದರು. 1924ರಲ್ಲಿ ಕಲ್ಕತ್ತೆಯಲ್ಲಿ ನೋಲ್ಸ್, ನೇಪಿಯರ್ ಮತ್ತು ಸ್ಮಿತ್ ಆ ನೊಣದ ಕರುಳಿನಲ್ಲಿ ರೋಗಾಣು ಬೆಳೆಯುವುದನ್ನು ಕಂಡರು. ಆದರೂ ಕಡಿತದಿಂದ ರೋಗ ಬರುವುದೆಂದು ಸಿದ್ಧಪಡಿಸಲು ವರ್ಷಗಟ್ಟಲೆ ಸಾಧ್ಯವಾಗಲಿಲ್ಲ. ರಕ್ತ ಹೀರಿದ ನೊಣಕ್ಕೆ ಬಳಿಕ ಒಣದ್ರಾಕ್ಷಿಯ ರಸ ಉಣಿಸಿದರೆ ರೋಗಾಣು ಹುಲುಸಾಗಿ ಬೆಳೆಯುವುದೆಂದು ಸ್ಮಿತ್ ಕಂಡುಕೊಂಡ ಮೇಲೆ ದಾರಿ ತೆರೆಯಿತು. 1942ರಲ್ಲಿ ಸ್ವಾಮಿನಾಥ್, ಶಾರ್ಟ್ ಮತ್ತು ಆಂಡರ್ಸನ್, ತಾವಾಗಿ ಮುಂದೆ ಬಂದ ಮನುಷ್ಯರ ಮೇಲೆ ನಡೆಸಿದ ಪ್ರಯೋಗದಿಂದ ಅದನ್ನು ಸಿದ್ಧಪಡಿಸಿದರು. ಅವರು ಒಡ್ಡಿದ್ದು ಸ್ವಂತ ದೇಹಗಳನ್ನು; ಇತಿಹಾಸ ಅವರ ಹೆಸರುಗಳನ್ನು ನೆನೆಯುವುದಿಲ್ಲ.

ಹೆಸರು ಮರಳುನೊಣವಾದರೂ ಇದರ ವಾಸ ಮರಳಿನಲ್ಲಲ್ಲ. ಎರಡು ಮೂರು ಮಿಲಿಮೀಟರಿನ ಈ ಕೀಟ ಮಣ್ಣಿನ ಗೋಡೆಯ ಬಿರುಕುಗಳಲ್ಲಿ, ದನದ ಕೊಟ್ಟಿಗೆಯಲ್ಲಿ ಅಡಗುತ್ತದೆ. ಮರಿಹುಳು ತೇವವಾದ ಗೊಬ್ಬರಮಣ್ಣಿನಲ್ಲಿ ಬೆಳೆಯುತ್ತದೆ. ಸಮೀಕ್ಷಕರು ಟಾರ್ಚ್ ಹಿಡಿದು ಗಾಜಿನ ನಳಿಗೆಯಿಂದ ಹೀರಿಯೋ, ಎಣ್ಣೆ ಸವರಿದ ಕಾಗದ ತೂಗುಹಾಕಿಯೋ ಅದನ್ನು ಹಿಡಿಯುತ್ತಾರೆ. ಜಾತಿಯನ್ನು ಗುರುತಿಸಲು ಸೂಕ್ಷ್ಮದರ್ಶಕದಡಿ ಒಳಅಂಗಗಳನ್ನು ಪರೀಕ್ಷಿಸಬೇಕು.

ಆದರೆ ನೊಣ ಸಿಕ್ಕ ಮಾತ್ರಕ್ಕೆ ಅಪರಾಧ ಸಿದ್ಧವಾಗದು. ಅರ್ಜೆಂಟಿಪಿಸ್ ದಕ್ಷಿಣ ಭಾರತದಲ್ಲಿಯೂ ಇದೆ. ಬಿಹಾರದಲ್ಲಿ ಬೇರೂರಿದಂತೆ ಕಾಲಾ ಅಜಾರ್ ಕರ್ನಾಟಕದಲ್ಲಿ ಬೇರೂರಲಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಮೊದಲು ಹಳದಿಜ್ವರದ ಭೀತಿ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರ ಹುಡುಕಾಟದಿಂದ ತಿಳಿದದ್ದೇ ಬೇರೆ: ಅದು ಹೊಸದೊಂದು ವೈರಸ್, ಹರಡುತ್ತಿದ್ದದ್ದು ಉಣುಗು.

ಬಾಂಗ್ಲಾದೇಶ 2023ರಲ್ಲಿ ಕಾಲಾ ಅಜಾರನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ನಿವಾರಿಸಿದ ಮೊದಲ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆಯಿತು. ಆ ಗೆಲುವಿನ ಹಿಂದೆ ಔಷಧ, ಕೀಟನಾಶಕಗಳ ಜೊತೆಗೆ ಕೊಟ್ಟಿಗೆಗಳಲ್ಲಿ ನೊಣ ಎಣಿಸಿದವರ ತಾಳ್ಮೆಯೂ ಇದೆ. ಊರಿಗೆ ಹೋದಾಗ ಅಂಥವರು ಮನೆಬಾಗಿಲಿಗೆ ಬಂದರೆ, ದಯವಿಟ್ಟು ಕೊಟ್ಟಿಗೆಯ ಕದ ತೆರೆಯಿರಿ.